ಅಪ್ಪನ ಪಾಲಿಗೆ ಬಂದ ಪಕ್ಷ

ನಮ್ಮ ಅಪ್ಪ ವಾದದಲ್ಲಿ ಸೋತದ್ದನ್ನು ನಾನು ಕಂಡಿರಲಿಲ್ಲ. ನಿವೃತ್ತ ಹೆಡ್‌ಮಾಸ್ತರರು, ಎದುರಿಗೆ ಕೂತವರೆಲ್ಲ ಇನ್ನೂ ಏಳನೆಯ ಇಯತ್ತೆಯವರೇ ಎಂಬ ಧಾಟಿ. ಸರ್ಕಾರದ ಉಚಿತ ಯೋಜನೆಗಳು ಶುರುವಾದ ಮೇಲಂತೂ ವಿದ್ಯಾನಗರದ ನಮ್ಮ ಮನೆಯಲ್ಲಿ ಬೆಳಗಿನ ಚಹಾ ಎಂದರೆ ಒಂದು ಅಧಿವೇಶನ. ಹೆಂಗಸರಿಗೆ ಬಸ್ ಪುಕ್ಕಟೆಯಾದದ್ದು ಅವರಿಗೆ ನುಂಗಲಾರದ ತುತ್ತು. “ತೆರಿಗಿ ಕಟ್ಟಾಂವ ನಾನು. ಧಾರವಾಡದ ತನಕಾ ನಿಂತು ಹೋಗಾಂವನೂ ನಾನು!” ಎಂದು ಪೇಪರನ್ನು ಕೊಡವುತ್ತಿದ್ದರು.

ನಾನೂ ಬಿಡುವವಳಲ್ಲ. ಸರ್ಕಾರಿ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ, ಆದರೆ ಹೊಸ ಪಿಂಚಣಿಯವಳು: ಸಂಬಳದಲ್ಲಿ ತಿಂಗಳು ತಿಂಗಳು ಮುರಿದುಕೊಂಡದ್ದು ಷೇರು ಪೇಟೆಯಲ್ಲಿ ಬೆಳೆದಷ್ಟೇ ಮುಂದೆ ನನ್ನ ಪಾಲು. ಅಪ್ಪನದು ಹಳೆಯದು, ಕೊನೆಯ ತನಕ ಗಟ್ಟಿ. ಒಂದು ದಿನ ತಡೆಯಲಾರದೆ ಅಂದೇಬಿಟ್ಟೆ: “ಅಪ್ಪಾ, ನಿಮ್ಮ ಪಿಂಚಣಿಗೆ ನೀವೇನು ರೊಕ್ಕಾ ಕೂಡಿಸಿಟ್ಟಿದ್ರಿ? ಅದೂ ಮಂದಿ ಕಟ್ಟಿದ ತೆರಿಗಿನ ಅಲ್ರೀ?”

ಅಪ್ಪ ಚಹಾ ಅರ್ಧಕ್ಕೇ ಬಿಟ್ಟು ಎದ್ದರು. “ದುಡದೇನಿ. ಭಿಕ್ಷಾ ಬೇಡಿಲ್ಲ.”

ಅಂದಿನಿಂದ ನನ್ನೊಡನೆ ಅವರ ಮಾತು ಊಟಕ್ಕೆ ಕರೆಯುವಷ್ಟಕ್ಕೇ ನಿಂತಿತು. ನನಗೂ ಸಿಟ್ಟು. ತಪ್ಪು ಮಾತಾಡಿದ್ದರೆ ಕ್ಷಮೆ ಕೇಳಬಹುದಿತ್ತು. ಸರಿಯಾದ ಮಾತಿಗೆ ಹೇಗೆ ಕೇಳುವುದು? ಒಮ್ಮೆಯಾದರೂ ಅವರಿಂದ ಒಪ್ಪಿಸಿಕೊಳ್ಳಲೇಬೇಕು ಎಂಬ ಹಟ ಹಿಡಿಯಿತು.

ನಮ್ಮ ಕಾಲೊನಿಯ ರಾಜ್ಯೋತ್ಸವಕ್ಕೆ ಚರ್ಚಾಸ್ಪರ್ಧೆ ಇರುತ್ತದೆ. ಪರವೋ ವಿರೋಧವೋ ಎಂಬುದನ್ನು ಇಲ್ಲಿ ನಾವು ಆರಿಸುವಂತಿಲ್ಲ, ಡಬ್ಬಿಯಲ್ಲಿ ಕೈಹಾಕಿ ಚೀಟಿ ಎತ್ತಬೇಕು. ಆ ವರ್ಷದ ವಿಷಯ ಉಚಿತ ಯೋಜನೆಗಳೇ. ಅಪ್ಪ ಎತ್ತಿದ ಚೀಟಿಯಲ್ಲಿ ‘ಪರ’ ಎಂದಿತ್ತು. ನನ್ನದರಲ್ಲಿ ‘ವಿರೋಧ’. ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು.

ಮೊದಲು ನನ್ನ ಸರದಿ. ತಯಾರಿಯೇ ಬೇಕಿರಲಿಲ್ಲ, ಅಪ್ಪ ಇಷ್ಟು ದಿನ ಚಹಾದ ಜೊತೆ ಕುಡಿಸಿದ್ದನ್ನೆಲ್ಲ ಹೊರಗೆ ಹಾಕಿದೆ. ಕಟ್ಟುವವರು ಕೆಲವರು, ಪಡೆಯುವವರು ಹಲವರಾದರೆ ಬೊಕ್ಕಸ ಎಷ್ಟು ದಿನ ತಾಳೀತು? ರಸ್ತೆಗೆ, ಸಾಲೆಗೆ ಉಳಿಯುವುದೇನು? ನಾಳೆ ನಮ್ಮ ಮಕ್ಕಳ ಕಾಲಕ್ಕೆ ಕೊಡುವವರು ಯಾರು? ನಿಂತೇ ಧಾರವಾಡ ಮುಟ್ಟುವ ತೆರಿಗೆದಾರನ ಕಥೆಗೆ ಪೆಂಡಾಲು ಬಿದ್ದು ಬಿದ್ದು ನಕ್ಕಿತು. ಅಪ್ಪನೂ ನಕ್ಕರು. ಮಾತಾಡುತ್ತ ಹೋದಂತೆ ಆ ಪ್ರಶ್ನೆಗಳು ನನಗೇ ಚುಚ್ಚತೊಡಗಿದವು ಎಂಬುದೂ ನಿಜ.

ಆಮೇಲೆ ಅಪ್ಪ ಎದ್ದರು. ಮೈಕು ಕೈಗೆ ತೆಗೆದುಕೊಂಡರು.

“ಪ್ರತಿ ತಿಂಗಳಾ ನನಗ ಪಿಂಚಣಿ ಬರ್ತೈತಿ. ಇವತ್ತ ನಾ ಏನ್ ದುಡದೇನ್ರಿ? ಖುರ್ಚಿ ಮ್ಯಾಲ ಕುಂತು ಪೇಪರ್ ಓದೇನಿ. ಆದ್ರೂ ಅದು ನನ್ನ ಹಕ್ಕು ಅಂತೀನಿ. ಹಂಗಾರ ಜೀವನಾ ಪೂರ್ತಿ ಹೊಲದಾಗ, ಒಲಿ ಮುಂದ ದುಡದಾಕಿಗೆ ಕೊಟ್ರ ಅದು ಭಿಕ್ಷಾ ಹೆಂಗ ಆಕ್ಕೈತ್ರಿ?”

ಹೆಂಗಸರ ಚಪ್ಪಾಳೆ ನಿಲ್ಲಲೇ ಇಲ್ಲ. ನನ್ನದೇ ಮಾತು, ಅಪ್ಪನ ಗಂಟಲಲ್ಲಿ, ಇಡೀ ಕಾಲೊನಿಯ ಎದುರಿಗೆ! ನಿರ್ಣಾಯಕರು ಶೀಲ್ಡನ್ನು ನನಗೇ ಕೊಟ್ಟರು. “ಪಾಯಿಂಟ್ ಎಲ್ಲಾ ನಂದಾವ್ರೀ,” ಎಂದು ಅಪ್ಪ ಮೊದಲ ಸಾಲಿನವರಿಗೆಲ್ಲ ಹೇಳಿಕೊಂಡು ಬಂದರು.

ಮನೆಗೆ ನಡೆಯುವಾಗ ಕೇಳಿದೆ. “ಹಂಗಾರ ಒಪ್ಪಿದ್ರಿ?”

“ನಾ ಎಲ್ಲಿ ಒಪ್ಪೇನಿ? ಚೀಟಿ ಮಾತಾಡಿಸ್ತು.”

ಅವ್ವ ನಡುವೆ ಬಾಯಿ ಹಾಕಿದಳು. “ಚೀಟ್ಯಾಗ ಪರ ಅಂತ ಇಷ್ಟ ಇತ್ತಲ್ರೀ. ಪಿಂಚಣಿ ಮಾತು ಯಾರ್ ಬರದಿದ್ರು ಅದರಾಗ?”

ಅಪ್ಪ ನಡುರಸ್ತೆಯಲ್ಲೇ ನಿಂತರು. ಅವ್ವನನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಒಪ್ಪೇನಿ ತಗೋವಾ, ಒಪ್ಪೇನಿ. ಆದ್ರ ರೊಕ್ಕಾ ಎಲ್ಲಿಂದ ತರೂದು ಅಂತ ಇವತ್ತ ನೀನ ಛಲೋ ಕೇಳಿದಿ. ಅದಕ್ಕ ಉತ್ತರಾ ಹೇಳು.”

ಗೆದ್ದ ಖುಷಿಯಲ್ಲಿ ಆ ಸಂಜೆ ನನಗೆ ಆ ಉತ್ತರ ಬೇಕಾಗಿರಲಿಲ್ಲ.