ಪಥ್ಯ ಮಾಡದ ಕೋಶಗಳು

ಅಣ್ಣಾ ನಗರದ ನಾಟಿ ವೈದ್ಯರು, ತಮಿಳು ಬೆರೆಸಿ ಮಾತಾಡುವ ಹಳೇ ಕನ್ನಡ ಮನೆತನದ ಅಜ್ಜ, ಒಂದು ಬೇರು ಕೊಟ್ಟಿದ್ದರು. ಅದರ ಸಾರವನ್ನು ನಮ್ಮ ಲ್ಯಾಬಿನ ಕ್ಯಾನ್ಸರ್ ಕೋಶಗಳಿಗೆ ಮೂರು ಸಲ ಹಾಕಿದೆ. ಒಂದೂ ಸಾಯಲಿಲ್ಲ. ಅಳುಕುತ್ತಲೇ ಹೋಗಿ ಹೇಳಿದೆ.

"ಅವಕ್ಕೆ ಊಟ ಏನು ಹಾಕ್ತೀಯಮ್ಮ?" ಅಂದರು ಅಜ್ಜ.

"ಸಕ್ಕರೆ ನೀರು, ಕರುವಿನ ರಕ್ತದಿಂದ ತೆಗೆದ ಸೀರಂ."

ಅಜ್ಜ ಹಣೆ ಚಚ್ಚಿಕೊಂಡರು. "ಅಡಡಾ, ಪತ್ತಿಯಮೇ ಇಲ್ಲ. ಪಥ್ಯ ಮಾಡದಿದ್ದರೆ ಮದ್ದು ಹ್ಯಾಗಮ್ಮ ನಾಟುತ್ತೆ?"

ಇದನ್ನು ಹೇಳಿ ಲ್ಯಾಬಿನವರನ್ನೆಲ್ಲ ನಗಿಸಿದೆ. ಗೈಡ್ ಮೇಡಂ ಮಾತ್ರ ನಗಲಿಲ್ಲ. "ಮದ್ದು ಕೋಶಕ್ಕೆ ತಲುಪದೆ ಸೀರಂಗೇ ಅಂಟಿಕೊಂಡಿರಬಹುದು. ಸೀರಂ ಕಡಿಮೆ ಮಾಡಿ ನೋಡು" ಅಂದರು.

ಹೀಗಾಗಿ ಕೋಶಗಳು ಈಗ ಪಥ್ಯದಲ್ಲಿವೆ. ಬದನೆಕಾಯಿ ಕೊಡ್ತಿಲ್ಲ ತಾನೆ ಅಂತ ಅಜ್ಜ ಆಗಾಗ ಫೋನ್ ಮಾಡಿ ವಿಚಾರಿಸುತ್ತಾರೆ. ಈ ಪ್ರಯೋಗದಲ್ಲಿ ನಾನು ಎದೆ ತಟ್ಟಿ ಹೇಳಬಹುದಾದದ್ದು ಸದ್ಯಕ್ಕೆ ಅದೊಂದೇ.