ಹೊಲಿಗೆಯೊಳಗಿನ ಪದಗಳು

ಮೈದಾ ಅಂಟು ಕುದಿಯುವ ವಾಸನೆ ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರಬೇಕು. ಮೊನ್ನೆ ಶಿವಮೊಗ್ಗದ ಬೈಂಡಿಂಗ್ ಅಂಗಡಿಯೊಂದರ ಬಾಗಿಲಲ್ಲಿ ಅದು ಮೂಗಿಗೆ ಬಡಿದಾಗ, ಭದ್ರಾವತಿಯ ಕಾಗದದ ಕಾರ್ಖಾನೆ ಕ್ವಾರ್ಟರ್ಸಿನ ಇಕ್ಕಟ್ಟಾದ ಅಡುಗೆಮನೆಯಲ್ಲಿ ಸೌಟು ತಿರುಗಿಸುತ್ತ ನಿಂತ ಸರೋಜತ್ತೆ ನೆನಪಾದರು. ಅಪ್ಪನ ಅಕ್ಕ, ನಮ್ಮೊಂದಿಗೇ ಇದ್ದರು. ಅಪ್ಪ ತರುತ್ತಿದ್ದ ಬೇಡವಾದ ಹಾಳೆಗಳ ಮೇಲೆ ಅವರೊಂದು ಕಾದಂಬರಿ ಬರೆದರು. ಅವರಿಗೆ ಗುರುಗಳೆಂದರೆ ಲೈಬ್ರರಿಯ ಎರಡು ಪುಸ್ತಕ: ಒಂದು ಕಥೆ ಬರೆಯುವುದನ್ನು ಹೇಳಿಕೊಡುತ್ತಿತ್ತು, ಇನ್ನೊಂದು ಪುಸ್ತಕ ಹೊಲಿಯುವುದನ್ನು. ಕಿಟಕಿಯಿಂದ ಕಾಣುವುದನ್ನೇ ಬರೆಯಬೇಕೆಂದು ಮೊದಲನೆಯದರಲ್ಲಿ ಇತ್ತಂತೆ. ನಮ್ಮ ಕಿಟಕಿಯಿಂದ ಕಾಣುತ್ತಿದ್ದದ್ದು ಪಕ್ಕದ ಮನೆಯ ಸೆಲ್ವಿ ಅಕ್ಕನ ಬಟ್ಟೆ ಒಗೆಯುವ ಕಲ್ಲು. ಹಾಗಾಗಿ ನಾಯಕಿ ಮೊದಲ ಅಧ್ಯಾಯ ಪೂರ್ತಿ ಬಟ್ಟೆ ಒಗೆದಳು. ಅಂಟು ಕಾಯಿಸುವ ದಿನ ಅಜ್ಜಿ, "ಹಿಟ್ಟೆಲ್ಲ ಪುಸ್ತಕಕ್ಕೇ ಸುರಿದ್ರೆ ನಾವೇನ್ ಹಾಳೆ ತಿನ್ನೋದಾ, ಮಾರಾಯ್ತಿ?" ಎಂದು ರೇಗಿದ್ದರು.

ಎರಡನೆಯ ಪುಸ್ತಕದ ಮೊದಲ ಪಾಠವೇ ಹೊಲಿಗೆಗೆಂದು ಅಂಚಿನಲ್ಲಿ ಎರಡು ಬೆರಳು ಜಾಗ ಬಿಡಬೇಕೆಂಬುದು. ಅತ್ತೆ ಅದನ್ನು ತೆರೆಯುವ ಹೊತ್ತಿಗೆ ಬರೆದು ಮುಗಿದಿತ್ತು. ಏನನ್ನೂ ಖಾಲಿ ಬಿಟ್ಟು ಗೊತ್ತಿಲ್ಲದ ಹೆಂಗಸು, ಅಂಚಿನಿಂದ ಅಂಚಿಗೆ ಬರೆದಿದ್ದರು. ಆದರೂ ಹೊಲಿದರು. ಹಾಳೆಯ ಒಂದು ಬದಿಯಲ್ಲಿ ಸಾಲುಗಳ ಮೊದಲ ಪದ, ಇನ್ನೊಂದು ಬದಿಯಲ್ಲಿ ಕೊನೆಯ ಪದ ಹೊಲಿಗೆಯೊಳಗೆ ಸೇರಿಹೋದವು. ನಾವು ಮಕ್ಕಳು ಓದುತ್ತ ತಡವರಿಸಿದಲ್ಲೆಲ್ಲ ಕೂಗಿ ಕೇಳುತ್ತಿದ್ದೆವು. ಈರುಳ್ಳಿ ಹೆಚ್ಚುತ್ತಲೇ ಅತ್ತೆ ಆ ಪದ ಹೇಳುತ್ತಿದ್ದರು. "ನಾನಿಲ್ದೆ ಓದ್ತೀರೇನ್ರೇ ನೀವು?" ಎಂದು ನಗುತ್ತಿದ್ದರು. ಬೇರೆ ಪ್ರತಿ ಇರಲಿಲ್ಲ.

ಅತ್ತೆ ಹೋದರು, ಕ್ವಾರ್ಟರ್ಸ್ ಖಾಲಿಯಾಯಿತು, ಪುಸ್ತಕ ನನ್ನ ಬಳಿ ಉಳಿಯಿತು. ಮೊದಮೊದಲು ಆ ಪದಗಳು ನನಗೇ ಬಾಯಿಗೆ ಬರುತ್ತಿದ್ದವು. ಈಚೆಗೆ ಒಂದೊಂದಾಗಿ ಮರೆತುಹೋಗತೊಡಗಿದವು. ಊಹಿಸಿ ತುಂಬಿದರೆ ಅದು ನನ್ನ ಮಾತಾಗುತ್ತಿತ್ತು, ಅವರದಲ್ಲ. ಅದನ್ನು ನನಗೆ ಸಹಿಸಲಾಗಲಿಲ್ಲ. ಅಂಗಡಿಗೆ ಹೋದದ್ದು ಅದಕ್ಕೇ. ಅಂಗಡಿಯ ರಫೀಕ್ ಸಾಬರು ಪುಸ್ತಕ ತಿರುಗಿಸಿ ನೋಡಿ, "ಹೊಲಿಗೆ ಬಿಚ್ತೀನಿ ಮೇಡಂ, ಪದ ಎಲ್ಲ ಸಿಗ್ತವೆ. ಆದ್ರೆ ಅಂಚು ಒಣಗಿಹೋಗಿದೆ, ಮತ್ತೆ ಸೂಜಿ ಹಾಕಿದ್ರೆ ಪುಡಿ ಆಗುತ್ತೆ, ವಾಪಸ್ ಹೊಲಿಯೋಕಾಗಲ್ಲ" ಎಂದರು. ಅತ್ತೆಯ ಪದ ಬೇಕೋ, ಅತ್ತೆಯ ಹೊಲಿಗೆ ಬೇಕೋ? ಹೊಲಿಗೆಯ ಮೇಲೊಮ್ಮೆ ಬೆರಳಾಡಿಸಿ, "ಬಿಚ್ಚಿ" ಎಂದೆ.

ಸಂಜೆ ಬಿಡಿ ಹಾಳೆಗಳನ್ನು ಮೇಜಿನ ಮೇಲಿಟ್ಟುಕೊಂಡು ಓದಿದೆ. ಸಾಲುಗಳು ಪೂರ್ತಿ ಕಾಣುತ್ತಿದ್ದವು, ಎಲ್ಲೂ ತಡವರಿಸಲಿಲ್ಲ. ಇಡೀ ಕಾದಂಬರಿ ಮುಗಿಯಿತು. ಅತ್ತೆಯನ್ನು ಒಮ್ಮೆಯೂ ಕರೆಯಬೇಕಾಗಲಿಲ್ಲ.