ಆ ಭಾನುವಾರ ನಾನು ಹೋಗಲಿಲ್ಲ

ನನ್ನ ಬಗ್ಗೆ ನಾನೇ ಹೇಳಿಕೊಂಡು ಬಂದ ಒಂದು ಕತೆ ಇದೆ. ಪುತ್ತೂರಿನ ನನ್ನ ಹೊಲಿಗೆ ಅಂಗಡಿಗೆ ಬಂದ ಹುಡುಗಿಯರೆಲ್ಲ ಸೂಜಿಗೆ ನೂಲು ಪೋಣಿಸಲು ಕಲಿಯುವ ಮೊದಲೇ ಅದನ್ನು ಕೇಳಿಯಾಗುತ್ತಿತ್ತು. ಹತ್ತೊಂಬತ್ತನೇ ವಯಸ್ಸಿನಲ್ಲಿ, ನನ್ನನ್ನು ನೋಡಲು ಗಂಡಿನ ಕಡೆಯವರು ಬರುವ ದಿನ, ಅಣ್ಣನ ಸೈಕಲ್ ಕದ್ದು, ಸೀರೆ ಎತ್ತಿ ಕಟ್ಟಿ, ಕೊಯಿಲದಿಂದ ಉಪ್ಪಿನಂಗಡಿಯವರೆಗೆ ತುಳಿದುಕೊಂಡು ಹೋದ ಕತೆ. ಸಂಜೆ ಮಂಡಿ ತರಚಿಕೊಂಡು ಮನೆಗೆ ಬಂದಾಗ ನೆಂಟರು ಹೋಗಿಯಾಗಿತ್ತು. ನಮ್ಮದು ಊರಿಗೆ ದೊಡ್ಡದಾದ ಗುತ್ತಿನ ಮನೆ, ಅಳಿಯಕಟ್ಟು, ಯಜಮಾನಿಕೆ ಸೋದರಮಾವನದು. ಮಾವ ಬೆತ್ತ ಹಿಡಿದು ನಿಂತಿದ್ದರು. "ಹೊಡೀರಿ, ನಾಳೆ ಪುನಃ ಹೋಗ್ತೇನೆ" ಎಂದೆ. ಹೊಡೆದರು. ಮರುದಿನ ಪುನಃ ಹೋದೆ.

ಊರಿಡೀ ಗಂಡುಬೀರಿ ಎಂದಿತು. ನಾನು ಆ ಹೆಸರನ್ನು ಬಿರುದಿನ ಹಾಗೆ ಧರಿಸಿದೆ. ಮಂಗಳೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಹೊಲಿಗೆ ಕಲಿತೆ, ಹಲವು ವರ್ಷ ಬೇರೆಯವರ ಅಂಗಡಿಯಲ್ಲಿ ದುಡಿದೆ, ಮದುವೆ ಆಗಲಿಲ್ಲ. ಎಪ್ಪತ್ತರ ದಶಕದ ಆರಂಭದಲ್ಲಿ, ನಲವತ್ತರ ಹತ್ತಿರ ಬಂದಾಗ, ಪುತ್ತೂರಿನಲ್ಲಿ ಎರಡು ಮೆಷಿನ್ ಹಾಕಿ ಸ್ವಂತ ಅಂಗಡಿ ತೆರೆದೆ. ಹತ್ತು ವರ್ಷದಲ್ಲಿ ಎರಡು ಎಂಟಾಯಿತು. ಸುಳ್ಯದವರೆಗಿನ ಶಾಲೆಗಳ ಸಮವಸ್ತ್ರ ನಮ್ಮಲ್ಲಿಯೇ ತಯಾರಾಗುತ್ತಿತ್ತು. ಯಾರ ಹಂಗೂ ಇಲ್ಲದೆ ಮಾಡಿದ್ದು ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ.

ಹಂಗು ಇತ್ತು. ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು. ಒಂಟಿ ಹೆಂಗಸಿಗೆ ಕೋಣೆ ಬಾಡಿಗೆಗೆ ಕೊಡುವುದಿಲ್ಲ ಎಂದು ಮೂವರು ಹೇಳಿ ಕಳಿಸಿದ್ದರು. ನಾಲ್ಕನೆಯವರು, "ಯಾವ ಮನೆ ನಿಮ್ಮದು?" ಎಂದು ಕೇಳಿದರು. ಗುತ್ತಿನ ಹೆಸರು ಹೇಳಿದೆ. ಅವರು ಎದ್ದು ಕುರ್ಚಿ ಎಳೆದು ಕೊಟ್ಟರು, ಅಂದೇ ಬೀಗದ ಕೈ ಸಿಕ್ಕಿತು. ಮೊದಲ ಸಮವಸ್ತ್ರದ ಕೆಲಸ ಕೊಟ್ಟ ಹೆಡ್ಮಾಸ್ಟರು ಮಾವನ ಚಾವಡಿಯಲ್ಲಿ ಊಟ ಮಾಡಿದವರು. ಸೈಕಲ್ಲಿನ ಕತೆ ಹೇಳುವಾಗ ಇವನ್ನೆಲ್ಲ ನಾನು ಬಿಟ್ಟುಬಿಡುತ್ತಿದ್ದೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎನ್ನುತ್ತಾರಲ್ಲ, ನನ್ನದು ಅದೇ ಜಾತಿ.

ಎಂಬತ್ತರ ದಶಕದ ನಡುವೆ, ನನಗೆ ಐವತ್ತು ದಾಟಿದ ಮೇಲೆ, ಕೊಯಿಲದ ಕಡೆಯಿಂದ ಒಬ್ಬಳು ಹುಡುಗಿ ಕೆಲಸಕ್ಕೆ ಸೇರಿದಳು. ಅವಳ ಅಪ್ಪ ಹಿಂದೆ ನಮ್ಮ ಮನೆಯ ಒಕ್ಕಲು. ಉಳುವವರಿಗೇ ಭೂಮಿ ಎಂಬ ಭೂಮಸೂದೆ ಬಂದಾಗ ಡಿಕ್ಲರೇಶನ್ ಕೊಟ್ಟು ಗದ್ದೆಯನ್ನು ತಮ್ಮದು ಮಾಡಿಕೊಂಡವರು. ಮಾವ ಅವರೊಡನೆ ಮಾತು ಬಿಟ್ಟರು. ಆದರೂ ಆ ಮನುಷ್ಯ ಗುತ್ತಿನ ಎದುರು ಹಾದುಹೋಗುವಾಗ ಹೆಗಲಿನ ಬೈರಾಸು ಟವಲನ್ನು ಕೈಗೆ ತೆಗೆದುಕೊಳ್ಳುವುದನ್ನು ಬಿಡಲಿಲ್ಲ. ಮಗಳೂ ಮೊದಲ ದಿನ ನನ್ನನ್ನು "ಗುತ್ತಿನ ಅಮ್ಮ" ಎಂದು ಕರೆದಳು. "ಇಲ್ಲಿ ಗುತ್ತೂ ಇಲ್ಲ, ಒಕ್ಕಲೂ ಇಲ್ಲ. ಅಕ್ಕ ಅಂತ ಹೇಳು, ಸಾಕು" ಎಂದೆ. ಹಾಗೆ ಹೇಳಿದ್ದಕ್ಕೆ ನನಗೆ ನನ್ನ ಮೇಲೆಯೇ ತುಂಬ ಪ್ರೀತಿ ಬಂದಿತ್ತು.

ಹುಡುಗಿಗೆ ಮಾತು ಕಡಿಮೆ, ಕೈ ಚುರುಕು. ಅಂಗಿಯ ಕಾಲರ್ ಕೂರಿಸುವುದರಲ್ಲಿ ಹೊಲಿಯುವವರ ಯೋಗ್ಯತೆ ಗೊತ್ತಾಗುತ್ತದೆ; ಎರಡು ವರ್ಷದಲ್ಲಿ ಅವಳ ಕಾಲರ್ ನನ್ನದಕ್ಕಿಂತ ಚೆನ್ನಾಗಿ ಕೂರುತ್ತಿತ್ತು. ಇನ್ನೊಂದು ವರ್ಷಕ್ಕೆ ಹೊಲಿಗೆಯ ಸರಕಾರಿ ಪರೀಕ್ಷೆ ಬರೆಯುವುದು, ಕಡಬದ ಪೇಟೆಯಲ್ಲಿ ಒಂದು ಕೋಣೆ ಹಿಡಿದು ಸ್ವಂತ ಅಂಗಡಿ ಇಡುವುದು, ಇಷ್ಟು ಅವಳ ಆಸೆ. ನನ್ನ ಹತ್ತಿರ ಹೇಳಿದ್ದಲ್ಲ, ಪಕ್ಕದ ಹುಡುಗಿಗೆ ಹೇಳುವಾಗ ನನ್ನ ಕಿವಿಗೆ ಬಿದ್ದದ್ದು.

ಒಂದು ಗುರುವಾರ ಅವಳು ಕತ್ತರಿಸುವ ಮೇಜಿನ ಬಳಿ ಬಂದು ನಿಂತಳು.

"ಅಕ್ಕ, ಭಾನುವಾರ ಮನೆಯಲ್ಲಿ ವೀಳ್ಯ ಉಂಟು. ಅರಂತೋಡಿನ ಕಡೆಯವರು. ದೊಡ್ಡಪ್ಪ ತಂದ ಸಂಬಂಧ."

"ಒಳ್ಳೇದಾಯ್ತಲ್ಲ."

"ನಂಗೆ ಈಗ ಬೇಡ ಅಕ್ಕ. ಪರೀಕ್ಷೆ ಆಗಲಿ ಅಂತ. ನೀವು ಒಮ್ಮೆ ಬಂದು ಅಪ್ಪನ ಹತ್ರ ಒಂದು ಮಾತು ಹೇಳ್ಲಿಕ್ಕೆ ಆಗ್ತದಾ? ವೀಳ್ಯ ಬದಲಾಗುವ ಮೊದಲು ಹೇಳ್ಬೇಕು. ಮತ್ತೆ ಹೇಳಿ ಎಂತ ಪ್ರಯೋಜನ?"

ನಮ್ಮ ಕಡೆ ಎರಡು ಮನೆಯವರು ಎದುರು ಬದುರು ಕುಳಿತು ವೀಳ್ಯದೆಲೆ ಅಡಿಕೆ ಬದಲಾಯಿಸಿಕೊಂಡರೆಂದರೆ ಮಾತು ಕೊಟ್ಟಂತೆ. ಆಮೇಲೆ ಹಿಂದೆ ಸರಿದರೆ ಮನೆಗೇ ಅವಮಾನ. ಅದಕ್ಕೆ ಮೊದಲು ಹಿರಿಯರು ಯಾರಾದರೂ ಒಂದು ಮಾತು ಎತ್ತಿದರೆ, ಕಾರ್ಯವನ್ನು ಮುಂದೂಡಿದರೂ ಯಾರೂ ತಪ್ಪು ತಿಳಿಯುವುದಿಲ್ಲ. ಇದು ನನಗೆ ಗೊತ್ತಿಲ್ಲದ್ದಲ್ಲ.

"ನೀನೇ ಹೇಳು. ಬಾಯಿ ಇಲ್ವಾ ನಿಂಗೆ?"

"ನಾನು ಹೇಳಿದ್ರೆ ಆಗುದಿಲ್ಲ ಅಕ್ಕ. ಗುತ್ತಿನಿಂದ ಒಬ್ರು ಬಂದು ಹೇಳಿದ್ರೆ..."

ಗುತ್ತು ಎಂಬ ಶಬ್ದ ಕೇಳಿದ್ದೇ ನನ್ನ ಮೈ ಉರಿಯಿತು. "ನನ್ನ ಪರವಾಗಿ ಆವತ್ತು ಯಾರು ಬಂದಿದ್ರು ಮಾರಾಯ್ತಿ? ಒಬ್ಬ ನರಮನುಷ್ಯ ಬರ್ಲಿಲ್ಲ. ಧೈರ್ಯ ಉಂಟಾದ್ರೆ ನಿಂತು ಹೇಳು. ಇಲ್ಲದಿದ್ರೆ ತಲೆ ಬಗ್ಗಿಸಿ ತಾಳಿ ಕಟ್ಟಿಸ್ಕೋ. ನನ್ನನ್ನು ಎಂತಕ್ಕೆ ಎಳೀತಿ?"

ಉಳಿದ ಮೆಷಿನ್ ಎಲ್ಲ ನಿಂತವು. ಅವಳು "ಆಯ್ತು ಅಕ್ಕ" ಎಂದು ತನ್ನ ಜಾಗಕ್ಕೆ ಹೋಗಿ ಕುಳಿತು ಕೆಲಸ ಮುಂದುವರಿಸಿದಳು. ಆ ದಿನ ಅವಳು ಹೊಲಿದ ಕಾಲರ್‌ಗಳನ್ನು ನಾನು ಒಂದೊಂದಾಗಿ ನೋಡಿದೆ, ತಪ್ಪು ಹುಡುಕಲು. ಒಂದೂ ಸಿಗಲಿಲ್ಲ.

ಭಾನುವಾರ ನನಗೆ ಏನೂ ಕೆಲಸವಿರಲಿಲ್ಲ. ಅಂಗಡಿಗೆ ರಜೆ. ಬೆಳಿಗ್ಗೆ ಟ್ರಂಕಿನಿಂದ ಒಂದು ಒಳ್ಳೆಯ ಸೀರೆ ತೆಗೆದು ಮಂಚದ ಮೇಲೆ ಇಟ್ಟದ್ದೂ ಹೌದು. ಆಮೇಲೆ ಆ ಅಂಗಳವನ್ನು ನೆನೆಸಿಕೊಂಡೆ. ನನಗೊಬ್ಬಳಿಗೇ ಕುರ್ಚಿ ಹಾಕುತ್ತಾರೆ, ಬೆಲ್ಲ ನೀರು ತಂದಿಡುತ್ತಾರೆ, ಅವಳ ಅಪ್ಪ ಬೈರಾಸು ಕೈಯಲ್ಲಿ ಹಿಡಿದು ನಿಲ್ಲುತ್ತಾರೆ. ಮಾವನ ಸೋದರಸೊಸೆಯಾಗಿ ಆ ಕುರ್ಚಿಯಲ್ಲಿ ಕೂರುವುದೆಂದರೆ ಆ ಬೆತ್ತಕ್ಕೆ ಈಗ ಹೋಗಿ ಶರಣಾದಂತೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ ಇತ್ತು. ನನ್ನ ಮಾತನ್ನು ಅವರು ಕೇಳದಿದ್ದರೆ ಎಂಬ ಭಯ ನನಗಿರಲಿಲ್ಲ. ಕೇಳಿಬಿಟ್ಟರೆ ಎಂಬ ಭಯವಿತ್ತು. ಕೇಳಿದರೆ ಅದು ಸೈಕಲ್ ತುಳಿದವಳ ಮಾತಿಗಲ್ಲ, ಗುತ್ತಿನ ಹೆಸರಿಗೆ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ನನಗೂ ಗೊತ್ತಾಗುತ್ತಿತ್ತು. ಸೀರೆಯನ್ನು ಒಳಗಿಟ್ಟೆ. ತಲೆಗೆ ಎಣ್ಣೆ ಹಾಕಿ ಮಿಂದೆ, ಉಂಡೆ, ಮಲಗಿದೆ. ಚೆನ್ನಾಗಿ ನಿದ್ರೆ ಬಂತು.

ಹುಡುಗಿ ಮತ್ತೆ ಬಂದದ್ದು ಮದುವೆಯ ಕಾಗದ ಹಿಡಿದುಕೊಂಡು. ನಾನು ಒಂದು ಸೀರೆ ಕೊಟ್ಟು ಕಳಿಸಿದೆ, ಮದುವೆಗೆ ಹೋಗಲಿಲ್ಲ. ನಾಚಿಕೆ ಅಷ್ಟಕ್ಕೇ ಮುಗಿಯುವುದಿಲ್ಲ. ಅನಂತರ ಬಂದ ಹುಡುಗಿಯರಿಗೆ ನನ್ನ ಸೈಕಲ್ಲಿನ ಕತೆಯ ಜೊತೆಗೆ ಅವಳ ಕತೆಯನ್ನೂ ಸೇರಿಸಿ ಹೇಳತೊಡಗಿದೆ. "ಅಷ್ಟು ಒಳ್ಳೆ ಕೈ ಇತ್ತು ಅವಳಿಗೆ. ಬಾಯಿ ಇರ್ಲಿಲ್ಲ. ಅವಳ ಹಾಗೆ ಆಗ್ಬೇಡಿ" ಎನ್ನುತ್ತಿದ್ದೆ. ಮೂರು ನಾಲ್ಕು ವರ್ಷ ಹೀಗೆ ಹೇಳಿದೆ.

ತೊಂಬತ್ತರ ದಶಕ ಶುರುವಾದ ಮೇಲೆ ಒಂದು ಶಾಲೆಯ ಮಕ್ಕಳ ಅಳತೆ ತೆಗೆಯಲು ಅರಂತೋಡಿಗೆ ಹೋಗಿದ್ದೆ. ಕೆಲಸ ಮುಗಿಸಿ ಸುಳ್ಯದ ಬಸ್ಸಿಗೆ ಕಾಯುತ್ತಿದ್ದಾಗ ರಸ್ತೆ ಬದಿಯ ಜೀನಸಿನ ಅಂಗಡಿಯಿಂದ ಯಾರೋ "ಅಕ್ಕ!" ಎಂದು ಕೂಗಿದರು. ಅವಳೇ. ತಕ್ಕಡಿ ಬಿಟ್ಟು ಹೊರಗೆ ಓಡಿ ಬಂದಳು, ಸ್ಟೂಲು ಹಾಕಿದಳು, ಬೇಡವೆಂದರೂ ಕೇಳದೆ ಸೋಡಾ ತಂದುಕೊಟ್ಟಳು.

"ಹೊಲಿಗೆ ಉಂಟಾ?" ಎಂದು ಕೇಳಿದೆ.

"ಎಲ್ಲಿ ಅಕ್ಕ, ಕೈ ತಪ್ಪಿಯೇ ಹೋಯ್ತು. ಇವರು ಒಳ್ಳೆಯವರೇ. ಆದ್ರೆ ಅಂಗಡಿ ಬಿಟ್ಟು ಬೇರೆ ಯೋಚನೆ ಇಲ್ಲ. ಮೆಷಿನ್ ಇಡ್ಲಿಕ್ಕೆ ಜಾಗ ಎಲ್ಲುಂಟು ಹೇಳಿ?" ನಕ್ಕಳು. ಆಮೇಲೆ ತಾನಾಗಿಯೇ ಹೇಳಿದಳು. "ಆವತ್ತು ಅಪ್ಪ ಎರಡು ಗಂಟೆವರೆಗೆ ವೀಳ್ಯ ತೆಗೀಲೇ ಇಲ್ಲ, ಗೊತ್ತುಂಟಾ? ಅವರಿಗೂ ಮನಸ್ಸು ಇರ್ಲಿಲ್ಲ ಅಕ್ಕ. ದೊಡ್ಡಪ್ಪನಿಗೆ ಎದುರು ಹೇಳ್ಲಿಕ್ಕೆ ಆಗುದಿಲ್ಲ, ಅಷ್ಟೇ. ನಿಮ್ಮನ್ನು ಕೇಳು ಅಂತ ನನ್ನನ್ನು ಕಳಿಸಿದ್ದೇ ಅವರು. ಗುತ್ತಿನಿಂದ ಮಾತು ಬಂದ್ರೆ ದೊಡ್ಡಪ್ಪನಿಗೂ ಬೇಸರ ಆಗ್ಲಿಕ್ಕಿಲ್ಲ ಅಂತ. ಬಂದವರು ಗಡಿಬಿಡಿ ಮಾಡಿದ್ರೂ ಅಪ್ಪ, ಪುತ್ತೂರಿಂದ ಇನ್ನೊಂದು ಬಸ್ಸು ಉಂಟು, ಇನ್ನೊಂದು ಬಸ್ಸು ಉಂಟು ಅಂತ ಹೇಳ್ತಾ ನಿಮ್ಮ ದಾರಿ ನೋಡ್ತಾ ಇದ್ರು."

ನನಗೆ ಸೋಡಾದ ಬಾಟಲಿ ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

"ನೀವು ಬೈದದ್ದು ನಾನು ಅಪ್ಪನಿಗೆ ಹೇಳ್ಲೇ ಇಲ್ಲ, ಬೈದ್ರೂ ಬಂದೇ ಬರ್ತೀರಿ ಅಂತ ಇತ್ತು ನಂಗೆ. ಆವತ್ತು ಎಂತಾದ್ರೂ ತೊಂದರೆ ಆಗಿತ್ತಾ ಅಕ್ಕ?" ಎಂದು ಅವಳು ಕೇಳಿದಳು. ಆ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ, ನನ್ನ ಬಗ್ಗೆ ಕಾಳಜಿ ಇತ್ತು.

"ಜ್ವರ ಬಂದಿತ್ತು" ಎಂದೆ.

ಅವಳ ಮುಖ ಹಗುರಾಯಿತು. "ಅಪ್ಪನೂ ಹಾಗೇ ಹೇಳಿದ್ರು. ಹುಷಾರಿರ್ಲಿಕ್ಕಿಲ್ಲ ಪಾಪ, ಇಲ್ಲದಿದ್ರೆ ಬಾರದೆ ಇರುವವರಲ್ಲ ಅಂತ. ಈಗಲೂ ಹೇಳ್ತಾರೆ."

ಬಸ್ಸು ಬಂತು. ನನ್ನ ಚೀಲವನ್ನು ಅವಳೇ ಎತ್ತಿ ಒಳಗೆ ಇಟ್ಟಳು, ಬಸ್ಸು ಹೊರಡುವವರೆಗೆ ಕಿಟಕಿಯ ಹತ್ತಿರವೇ ನಿಂತಿದ್ದಳು. ಡ್ರೈವರು ಚಾ ಕುಡಿಯಲು ಇಳಿದಿದ್ದರು, ಹತ್ತು ನಿಮಿಷವಾದರೂ ಆಗಿರಬೇಕು. ಜ್ವರ ಇರಲಿಲ್ಲ ಎಂದು ಹೇಳಲು ಅಷ್ಟು ಹೊತ್ತು ಬೇಕಾಗಿರಲಿಲ್ಲ. ನಾನು ಹೇಳಲಿಲ್ಲ.